ಬರ್ಗರ್ ಅಂಗಡಿಯ ಮಡಿ

ತಲಪಾಡಿಯಿಂದ ಕಾಸರಗೋಡಿಗೆ ಬರುವ ಹೆದ್ದಾರಿಯಲ್ಲಿ ಹೊಸಂಗಡಿ, ಉಪ್ಪಳ, ಕುಂಬಳೆ ಯಾವ ಪೇಟೆಯನ್ನು ಬೇಕಾದರೂ ನೋಡಿ, ಬ್ರೋಸ್ಟೋ (ಪ್ರೆಶರ್ ಫ್ರೈಯರಿನಲ್ಲಿ ಕರಿದ ಕೋಳಿ) ಬರ್ಗರೋ ಶವರ್ಮವೋ ಮಾರುವ ಒಂದು ಅಂಗಡಿ ಇದ್ದೇ ಇರುತ್ತದೆ. ಹೊಸದಾಗಿ ತೆರೆಯುವವರು ದೊಡ್ಡ ಕಂಪೆನಿಗಳಿಂದ ಎತ್ತಿಕೊಳ್ಳುವುದು ಬೋರ್ಡಿನ ಬಣ್ಣ, ಕಾಂಬೊ ದರ, ಟ್ರೇಗೆ ಹಾಸುವ ಕಾಗದ. ಎತ್ತಿಕೊಳ್ಳಬೇಕಾದ್ದು ಕೌಂಟರಿನ ಹಿಂದೆ ಇದೆ. ಹವ್ಯಕರ ಮನೆಯವರು, ಬ್ಯಾರಿಗಳು, ಬೇಳದ ಕ್ಯಾಥಲಿಕರು, ಮೀನು ಮಾತ್ರ ತಿನ್ನುವ ಕೊಂಕಣಿಗರು, ಸೋಮವಾರ ಮಾತ್ರ ಸಸ್ಯಾಹಾರಿಯಾಗುವವರು, ಎಲ್ಲರೂ ಒಂದೇ ಬಾಗಿಲಲ್ಲಿ ಒಳಗೆ ಬರುವ ಊರು ನಮ್ಮದು. ಅನಂತಪುರದ ಕೆರೆಯಲ್ಲಿ ಮೊಸಳೆಯೂ ದೇವಸ್ಥಾನದ ನೈವೇದ್ಯ ತಿಂದುಕೊಂಡಿತ್ತು, 2022ರಲ್ಲಿ ಅದು ಸಾಯುವವರೆಗೆ. ಇಂಥಲ್ಲಿ ಮೆನು ಬದಲಿಸುವುದು ಅರ್ಧ ದಿನದ ಕೆಲಸ. ಅಡುಗೆಮನೆ ಬದಲಿಸುವುದು ನಿಜವಾದ ಕೆಲಸ, ಹೆಚ್ಚಿನವರು ಅದಕ್ಕೆ ಕೈಯನ್ನೇ ಹಾಕುವುದಿಲ್ಲ.

ಮೆಕ್‌ಡೊನಾಲ್ಡ್ಸ್ 1996ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಭಾರತದ ಮೊದಲ ಅಂಗಡಿ ತೆರೆದಾಗ ಎಲ್ಲರೂ ಮಾತಾಡಿದ್ದು ಮಹಾರಾಜ ಮ್ಯಾಕ್ ಬಗ್ಗೆ. ಬೀಫ್‌ನ ಬಿಗ್ ಮ್ಯಾಕ್ ಇದ್ದ ಜಾಗಕ್ಕೆ ಮೊದಲು ಕುರಿಮಾಂಸದ್ದು, ಆಮೇಲೆ ಕೋಳಿಯದ್ದು ಬಂತು. ಅದಕ್ಕಿಂತ ದೊಡ್ಡ ಬದಲಾವಣೆ ಗಿರಾಕಿಗೆ ಕಾಣದ ಜಾಗದಲ್ಲಿತ್ತು. ವೆಜ್‌ಗೆ ಬೇರೆ ಅಡುಗೆ ಜಾಗ, ಬೇರೆ ಎಣ್ಣೆ, ಬೇರೆ ಸಾಮಾನು, ಹಸಿರು ಏಪ್ರನ್ ಹಾಕಿದ ಬೇರೆ ಹುಡುಗರು. ಮಯೊನೇಸ್‌ನಲ್ಲಿ ಮೊಟ್ಟೆಯೇ ಇಲ್ಲ. ಬೀಫ್ ಫ್ರೈ ಹೋಟೆಲು ಹೋಟೆಲಿನಲ್ಲೂ ಸಿಗುವ ಕೇರಳದಲ್ಲಿಯೂ ಅವರು ಬೀಫ್ ಇಡಲಿಲ್ಲ, ಹಂದಿಯನ್ನೂ ಇಡಲಿಲ್ಲ.

ಇಲ್ಲಿ ಅಂಗಡಿ ಹಾಕುವವರಿಗೆ ಮೊದಲ ತೀರ್ಮಾನ ಇದೇ. ಗಡಿಯ ತಲಪಾಡಿಯ ಆಚೆ ಕರ್ನಾಟಕದ 2020ರ ಗೋಹತ್ಯೆ ನಿಷೇಧ ಕಾಯ್ದೆ ಇದೆ, ಈಚೆ ಕೇರಳದಲ್ಲಿ ಬೀಫ್ ಮಾರಲು ಕಾನೂನಿನ ಅಡ್ಡಿ ಇಲ್ಲ. ಆದರೆ ಕಾನೂನಿಗೂ ವ್ಯಾಪಾರಕ್ಕೂ ಸಂಬಂಧ ಕಡಿಮೆ. ಬೀಫ್ ಬರ್ಗರ್ ಇಟ್ಟರೆ ಬೀಫ್ ತಿನ್ನುವವರು ಬರುತ್ತಾರೆ, ಸರಿ. ಆ ಬೋರ್ಡು ನೋಡಿ ಮಕ್ಕಳಿಗೆ ಫ್ರೆಂಚ್ ಫ್ರೈಸ್ ಕೊಡಿಸಲೂ ಒಳಗೆ ಬಾರದವರು ಎಷ್ಟು ಎಂಬ ಲೆಕ್ಕ ಗಲ್ಲಾಪೆಟ್ಟಿಗೆಯಲ್ಲಿ ಕಾಣುವುದಿಲ್ಲ. ಎಲ್ಲ ಕಡೆಯ ಕುಟುಂಬಗಳೂ ಬರಬೇಕು ಎಂದಿದ್ದರೆ ಬೀಫ್, ಹಂದಿ ಎರಡನ್ನೂ ಬಿಟ್ಟು ಹಲಾಲ್ ಕೋಳಿ, ಮೀನು, ವೆಜ್ ಇಟ್ಟುಕೊಳ್ಳುವುದೇ ಒಳ್ಳೆಯದು. ಬೀಫ್‌ಗೇ ಹೆಸರಾಗಬೇಕು ಎಂದಿದ್ದರೆ ಅದೂ ಒಂದು ದಾರಿ, ಆಗ ವೆಜ್ ಬರ್ಗರನ್ನು ಬೋರ್ಡಿನಲ್ಲಿ ಹಾಕುವ ಶ್ರಮ ಬೇಡ.

ಮೆನು ಸರಿಯಿದ್ದೂ ಕೆಟ್ಟ ಹೆಸರು ಬರುವುದು ಹೇಗೆ ಎಂಬುದಕ್ಕೆ ಅಮೆರಿಕದ ಫ್ರೈಸ್ ಪ್ರಕರಣವನ್ನು ನೋಡಬೇಕು. ದನದ ಕೊಬ್ಬಿನಲ್ಲಿ ಕರಿಯುತ್ತಿದ್ದ ಮೆಕ್‌ಡೊನಾಲ್ಡ್ಸ್ 1990ರಲ್ಲಿ ಅಲ್ಲಿ ಸಸ್ಯದ ಎಣ್ಣೆಗೆ ಬದಲಾಯಿತು. ಎಣ್ಣೆ ಬದಲಾಯಿತೇ ಹೊರತು ಬಟಾಟೆಗೆ ಸೇರಿಸುವ ಪರಿಮಳದಲ್ಲಿ ಬೀಫ್‌ನ ಅಂಶ ಹಾಗೆಯೇ ಉಳಿದಿತ್ತು. 2001ರಲ್ಲಿ ಅಲ್ಲಿನ ಹಿಂದೂಗಳು ಮತ್ತು ಸಸ್ಯಾಹಾರಿಗಳು ಕೋರ್ಟಿಗೆ ಹೋದರು. ಮರುವರ್ಷ ಕಂಪೆನಿ ಕ್ಷಮೆ ಕೇಳಿ 1 ಕೋಟಿ ಡಾಲರ್ ಕೊಡಲು ಒಪ್ಪಿತು. ಭಾರತದ ಫ್ರೈಸ್‌ನಲ್ಲಿ ಅದು ಇರಲಿಲ್ಲ, ಆದರೂ ಮುಂಬೈ ಕಡೆ ಅಂಗಡಿಯ ಮೇಲೆ ದಾಳಿ ಆಯಿತು. ಕೆಲಸ ಕೆಟ್ಟದ್ದು ಅಂಗಡಿಯ ಒಲೆಯ ಮುಂದೆ ಅಲ್ಲ, ಸಾಮಾನಿನೊಳಗಿನ ಸಾಮಾನಿನಲ್ಲಿ.

ಈಗ ನಮ್ಮ ಅಂಗಡಿಯ ಎಣ್ಣೆಗೆ ಬರೋಣ. ಒಂದೇ ಫ್ರೈಯರಿನಲ್ಲಿ ಮಧ್ಯಾಹ್ನ ಫ್ರೈಸ್, ಸಂಜೆ ಚಿಕನ್ ಸ್ಟ್ರಿಪ್ಸ್ ಕರಿದರೆ ಅಲ್ಲಿ ವೆಜ್ ಎಂಬುದು ಬೋರ್ಡಿನಲ್ಲಿ ಮಾತ್ರ. ಕನಿಷ್ಠ ವ್ಯವಸ್ಥೆ ಎಂದರೆ ಬ್ರೋಸ್ಟ್‌ಗೆ ಒಂದು ಪ್ರೆಶರ್ ಫ್ರೈಯರ್, ಜೊತೆಗೆ 6 ಲೀಟರಿನ ಎರಡು ತೆರೆದ ಫ್ರೈಯರ್. ಅದರಲ್ಲಿ ಒಂದು ವೆಜ್‌ಗೆ ಮಾತ್ರ. ಪ್ರೆಶರ್ ಫ್ರೈಯರ್ ಇದ್ದರೆ ಸಾಕು, ಕೋಳಿ ಅದರಲ್ಲೇ ಆಗುತ್ತದೆ ಎಂದು ಒಂದೇ ತೆರೆದ ಫ್ರೈಯರ್ ತರುವವರಿದ್ದಾರೆ. ನಗ್ಗೆಟ್ಸ್, ಪಾಪ್‌ಕಾರ್ನ್ ಚಿಕನ್ ಮೆನುವಿಗೆ ಸೇರಿದ ದಿನ ಆ ಲೆಕ್ಕ ತಪ್ಪುತ್ತದೆ. ವೆಜ್ ಫ್ರೈಯರಿನ ಬುಟ್ಟಿ, ಜಾಲರಿ ಸೌಟು, ಇಕ್ಕಳ, ಎಣ್ಣೆ ಸೋಸುವ ಬಟ್ಟೆ, ಸೋಸಿದ ಎಣ್ಣೆ ಇಡುವ ಡಬ್ಬ ಎಲ್ಲದಕ್ಕೂ ಹಸಿರು ಗುರುತು ಬೇಕು. ಬುಟ್ಟಿ ಬೇರೆ ಇಟ್ಟು ಸೋಸುವ ಬಟ್ಟೆ ಒಂದೇ ಇಡುವುದು ತುಂಬ ಕಡೆ ಆಗುವ ತಪ್ಪು.

ಎಣ್ಣೆ ಹೊಳೆಯ ನೀರಿನ ಹಾಗೆ ಒಂದೇ ದಿಕ್ಕಿಗೆ ಹೋಗಬೇಕು. ವೆಜ್ ಫ್ರೈಯರಿನ ಹಳೆಯ ಎಣ್ಣೆಯನ್ನು ಕೋಳಿಗೆ ಬಳಸಬಹುದು, ಕೋಳಿಯ ಎಣ್ಣೆ ವೆಜ್ ಕಡೆ ಯಾವತ್ತೂ ಬರಬಾರದು. ಖರ್ಚಿನ ಲೆಕ್ಕಕ್ಕೂ ಇದು ಸರಿ: ಉಪ್ಪುನೀರಿನ ಪಸೆ ಮತ್ತು ಉದುರಿ ಕರಟುವ ಹಿಟ್ಟಿನಿಂದ ಕೋಳಿಯ ಎಣ್ಣೆ ಫ್ರೈಸ್‌ನ ಎಣ್ಣೆಗಿಂತ ಬಹಳ ಬೇಗ ಕೆಡುತ್ತದೆ. ಎಣ್ಣೆಯಲ್ಲಿ ಟೋಟಲ್ ಪೋಲಾರ್ ಕಾಂಪೌಂಡ್ ಎಂಬುದು (ಕಾಯಿಸಿ ಕಾಯಿಸಿ ಕೆಟ್ಟ ಅಂಶ) 25 ಶೇಕಡಾ ದಾಟಬಾರದು ಎಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐಯ ನಿಯಮ 2018ರ ಜುಲೈಯಿಂದ ಇದೆ. ಅಳೆಯುವ ಮೀಟರ್ ಇಲ್ಲದಿದ್ದರೆ ಎಣ್ಣೆಯಲ್ಲಿ ಅದ್ದಿ ನೋಡುವ ಪರೀಕ್ಷೆಯ ಕಾಗದದ ಪಟ್ಟಿ ಸಿಗುತ್ತದೆ. ಅದೂ ಇಲ್ಲದಿದ್ದರೆ ನೊರೆ ನೋಡಿ: ಬುಟ್ಟಿ ಎತ್ತಿದ ಮೇಲೂ ಸಣ್ಣ ನೊರೆ ಇಳಿಯದಿದ್ದರೆ, 170 ಡಿಗ್ರಿಯಲ್ಲೇ ಹೊಗೆ ಕಾಣಿಸಿದರೆ ಆ ಎಣ್ಣೆಯ ಕಥೆ ಮುಗಿಯಿತು. ತೆಂಗಿನೆಣ್ಣೆಯಲ್ಲಿ ಕರಿದರೆ ರುಚಿ ಚೆನ್ನಾಗಿರುತ್ತದೆ ಎಂಬುದು ನಿಜ, ಆದರೆ ಇಡೀ ದಿನ ಕಾಯುವ ಫ್ರೈಯರಿಗೆ ಅದು ಹೇಳಿದ್ದಲ್ಲ. ಪಾಮೋಲಿನ್ ಸಾಕು.

ಎಣ್ಣೆ ಆದ ಮೇಲೆ ಬನ್ ಕಾಯಿಸುವ ತವಾ. ಚಿಕನ್ ಪ್ಯಾಟಿ ಬೇಯುವ ತವಾದ ಮೂಲೆಯಲ್ಲೇ ವೆಜ್ ಬರ್ಗರಿನ ಬನ್ ಒತ್ತುತ್ತಾರೆ. ಸಂಜೆ ಏಳೂವರೆಯ ನೂಕುನುಗ್ಗಲಿನಲ್ಲಿ ಯಾರ ಕೈಯೂ ಇದನ್ನು ತಡೆಯುವುದಿಲ್ಲ. ವೆಜ್‌ಗೆ ಬೇರೆ ಟೋಸ್ಟರ್ ತಂದು ಇನ್ನೊಂದು ಮೇಜಿನ ಮೇಲೆ ಇಟ್ಟುಬಿಡಿ. ದೂರ ಇದ್ದಷ್ಟೂ ಒಳ್ಳೆಯದು. ಫ್ರೀಜರ್ ಎರಡು ಇರಲಿ. ಒಂದೇ ಇದ್ದರೆ ವೆಜ್ ಮೇಲಿನ ತಟ್ಟೆಯಲ್ಲಿ, ಹಸಿ ಕೋಳಿ ಎಲ್ಲಕ್ಕಿಂತ ಕೆಳಗೆ.

ಮೊಟ್ಟೆ ಇನ್ನೂ ಜಾಣ, ಕಾಣದೆ ಒಳಗೆ ಬರುತ್ತದೆ. ಕಾನೂನಿನ ಪ್ರಕಾರ ಮೊಟ್ಟೆ ನಾನ್‌ವೆಜ್. ಹಾಲು, ಜೇನು ವೆಜ್. ಹೊಳೆಯುವ ಬನ್ ತಂದರೆ ಬೇಕರಿಯವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಮೇಲೆ ಏನು ಸವರಿದ್ದೀರಿ ಎಂದು. ಮೊಟ್ಟೆಯ ಬದಲು ಹಾಲಿಗೆ ಸ್ವಲ್ಪ ಸಕ್ಕರೆ ಸೇರಿಸಿ ಸವರಿದರೂ ಬಣ್ಣ ಬರುತ್ತದೆ, ಹೊಳಪು ಸ್ವಲ್ಪ ಕಡಿಮೆ ಅಷ್ಟೆ. ಬಾಯಿಮಾತಿಗೆ ಬಿಡದೆ ಬರೆಸಿಕೊಳ್ಳಿ, ಬೇಕರಿಯ ಕೆಲಸದವರು ಬದಲಾದಾಗ ಮತ್ತೆ ಕೇಳಿ. ಬ್ರೆಡ್ ಪುಡಿಯೂ ಹಾಗೆಯೇ: ಉಳಿದ ಕೇಕು, ಬನ್ನು ಎಲ್ಲ ಒಣಗಿಸಿ ಪುಡಿ ಮಾಡಿ ಕೊಡುವವರಿದ್ದಾರೆ. ಹಸಿರು ಗುರುತಿರುವ ಪ್ಯಾಕೆಟ್ ತರುವುದೇ ಕ್ಷೇಮ.

ಮಯೊನೇಸ್ ವಿಷಯದಲ್ಲಿ ಸರ್ಕಾರವೇ ದಾರಿ ಮಾಡಿಕೊಟ್ಟಿದೆ. 2022ರ ಮೇಯಲ್ಲಿ ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮ ತಿಂದ ವಿದ್ಯಾರ್ಥಿನಿ ತೀರಿಕೊಂಡಳು. ಆಹಾರ ಸುರಕ್ಷತೆಯ ತಪಾಸಣೆ ಬಿಗಿಯಾಗುತ್ತಾ ಹೋಗಿ, 2023ರ ಜನವರಿಯಲ್ಲಿ ಕೇರಳ ಹಸಿ ಮೊಟ್ಟೆಯ ಮಯೊನೇಸನ್ನು ನಿಷೇಧಿಸಿತು. ಅಂಗಡಿಯಲ್ಲೇ ಮಾಡುವುದಾದರೆ 100 ಮಿಲಿ ತಣ್ಣನೆ ಹಾಲು, 220 ಮಿಲಿ ಸೂರ್ಯಕಾಂತಿ ಎಣ್ಣೆ, 3 ಗ್ರಾಂ ಉಪ್ಪು, ಅರ್ಧ ಚಮಚ ಸಾಸಿವೆ ಪುಡಿ. ಎತ್ತರದ ಪಾತ್ರೆಯಲ್ಲಿ ಕಡ್ಡಿ ಬ್ಲೆಂಡರನ್ನು ತಳಕ್ಕೆ ಮುಟ್ಟಿಸಿ ಓಡಿಸಿ, ದಪ್ಪವಾದ ಮೇಲೆ ನಿಧಾನ ಮೇಲಕ್ಕೆ ಎಳೆಯಿರಿ. ಎರಡು ಚಮಚ ವಿನೆಗರ್ ಕೊನೆಗೆ. ಹಾಲು ಬೆಚ್ಚಗಿದ್ದರೆ, ವಿನೆಗರ್ ಮೊದಲೇ ಬಿದ್ದರೆ ಒಡೆಯುತ್ತದೆ. ಇಲ್ಲೂ ತೆಂಗಿನೆಣ್ಣೆ ಬೇಡ, ಫ್ರಿಜ್‌ನಲ್ಲಿ ಗಟ್ಟಿಯಾಗಿ ಕಾಳುಕಾಳಾಗುತ್ತದೆ. 5 ಡಿಗ್ರಿಗಿಂತ ಕೆಳಗಿಟ್ಟು ಅದೇ ದಿನ ಖಾಲಿ ಮಾಡಿ. ಬೆಳ್ಳುಳ್ಳಿ ಹಾಕಿದ್ದು ಮತ್ತು ಹಾಕದ್ದು ಎರಡು ಬಾಟಲಿ ಇರಲಿ, ಮುಚ್ಚಳದ ಬಣ್ಣ ಬೇರೆ ಬೇರೆ.

ಏಕೆಂದರೆ ನೀರುಳ್ಳಿ-ಬೆಳ್ಳುಳ್ಳಿ ಬೇಡ ಎನ್ನುವವರಿಗೆ ಪ್ಯಾಟಿ ಮಾತ್ರ ಬದಲಿಸಿದರೆ ಸಾಲದು. ಸಾಮಾನ್ಯ ಟೊಮೆಟೊ ಕೆಚಪ್‌ನಲ್ಲಿ ಎರಡೂ ಇರುತ್ತವೆ, ಫ್ರೈಸ್‌ಗೆ ಉದುರಿಸುವ ಪೆರಿಪೆರಿ ಪುಡಿಯಲ್ಲೂ ಇರುತ್ತವೆ. ಎರಡೂ ಇಲ್ಲದ ಕೆಚಪ್ ಪೇಟೆಯಲ್ಲಿ ಸಿಗುತ್ತದೆ, ಒಂದು ಬಾಟಲಿ ಸಾಕು. ಕಟ್ಟುನಿಟ್ಟಿನ ಜೈನರಿಗೆ ಬಟಾಟೆಯೂ ಆಗದು. ದೊಡ್ಡ ಕಂಪೆನಿಗಳ ಆಲೂ ಟಿಕ್ಕಿ ಅಲ್ಲಿಗೆ ನಿಂತಿತು. ನಮ್ಮಲ್ಲಿ ಇದಕ್ಕೆ ಬಟಾಟೆಗಿಂತ ಒಳ್ಳೆಯ ಸಾಮಾನಿದೆ, ಜೀಗುಜ್ಜೆ. ಮರದಲ್ಲಿ ಆಗುವುದು, ಪಿಷ್ಟ ಬೇಕಾದಷ್ಟು, ಕರಿದರೆ ಹೊರಗೆ ಗರಿಗರಿ, ಒಳಗೆ ಮೆತ್ತಗೆ.

ಸಿಪ್ಪೆ, ನಡುವಿನ ದಿಂಡು ತೆಗೆದ ಬೆಳೆದ ಜೀಗುಜ್ಜೆ 1 ಕೆಜಿ. ನೀರಿನಲ್ಲಿ ಬೇಯಿಸಬೇಡಿ, ಹಬೆಯಲ್ಲಿ 15ರಿಂದ 18 ನಿಮಿಷ ಬೇಯಿಸಿ, ತಟ್ಟೆಯಲ್ಲಿ ಹರಡಿ ಅರ್ಧ ಗಂಟೆ ಆರಲು ಬಿಡಿ. ಈ ಅರ್ಧ ಗಂಟೆಯನ್ನು ಉಳಿಸಲು ಹೋದವರ ಪ್ಯಾಟಿಯೇ ಎಣ್ಣೆಯಲ್ಲಿ ಒಡೆಯುವುದು: ಒಳಗಿನ ನೀರು ಆವಿಯಾಗಿ ಹೊರಗಿನ ಪದರವನ್ನು ಸೀಳುತ್ತದೆ. ಆರಿದ್ದನ್ನು ಹಿಚುಕಿ 60 ಗ್ರಾಂ ಬೆಳ್ತಿಗೆ ಅಕ್ಕಿಹಿಟ್ಟು, 50 ಗ್ರಾಂ ಪುಡಿ ಮಾಡಿದ ತೆಳು ಅವಲಕ್ಕಿ, 14 ಗ್ರಾಂ ಉಪ್ಪು, 20 ಗ್ರಾಂ ಹೆಚ್ಚಿದ ಹಸಿಮೆಣಸು, 4 ಗ್ರಾಂ ಕಾಳುಮೆಣಸಿನ ಪುಡಿ, ಎರಡು ಚಿಟಿಕೆ ಇಂಗು ಸೇರಿಸಿ. ಶುಂಠಿ ಹಾಕಬೇಡಿ, ಅದೂ ನೆಲದೊಳಗಿನದ್ದೇ. 70 ಗ್ರಾಂ ತೂಕದ 16 ಪ್ಯಾಟಿ ಆಗುತ್ತವೆ. 10 ಸೆಂಟಿಮೀಟರಿನ ಬನ್‌ಗೆ 9 ಸೆಂಟಿಮೀಟರ್ ಅಗಲ, ಬೆರಳಿನಷ್ಟು ದಪ್ಪ ತಟ್ಟಿ ಒಂದು ಗಂಟೆ ಫ್ರಿಜ್‌ನಲ್ಲಿಡಿ. ಮೊಟ್ಟೆಯ ಬದಲು 100 ಗ್ರಾಂ ಮೈದಾ, 50 ಗ್ರಾಂ ಕಾರ್ನ್‌ಫ್ಲೋರನ್ನು 220 ಮಿಲಿ ನೀರಿನಲ್ಲಿ ಕಲಸಿ, ಅದರಲ್ಲಿ ಅದ್ದಿ ಬ್ರೆಡ್ ಪುಡಿಯಲ್ಲಿ ಹೊರಳಿಸಿ. 175 ಡಿಗ್ರಿಯಲ್ಲಿ ಮೂರೂವರೆ ನಿಮಿಷ. 6 ಲೀಟರಿಗೆ ಒಮ್ಮೆಗೆ ನಾಲ್ಕು ಸಾಕು. ಎಂಟು ಹಾಕಿದರೆ ಕಾವು ಇಳಿದು ಪ್ಯಾಟಿ ಎಣ್ಣೆ ಕುಡಿಯುತ್ತದೆ. ಜೀಗುಜ್ಜೆ ಇಲ್ಲದ ತಿಂಗಳಲ್ಲಿ ನೇಂದ್ರಕಾಯಿ, ಅದಕ್ಕೆ ಅಕ್ಕಿಹಿಟ್ಟು ಅರ್ಧ ಸಾಕು.

ಚಾತುರ್ಮಾಸ್ಯದವರಿಗೂ ಏನಾದರೂ ಮಾಡೋಣ ಎಂದು ಹೊರಡಬೇಡಿ. ಒಂದು ತಿಂಗಳು ತರಕಾರಿ ಇಲ್ಲ, ಒಂದು ತಿಂಗಳು ಮೊಸರಿಲ್ಲ, ಮತ್ತೊಂದರಲ್ಲಿ ಹಾಲಿಲ್ಲ, ಕೊನೆಯದರಲ್ಲಿ ದ್ವಿದಳ ಧಾನ್ಯ ಇಲ್ಲ. ಅಷ್ಟು ನೇಮ ಇರುವವರು ಪೇಟೆಯಲ್ಲಿ ಬರ್ಗರ್ ತಿನ್ನಲು ಬರುವುದಿಲ್ಲ.

ಹಲಾಲ್ ಎಂದರೆ ಕೋಳಿ ಕೊಯ್ಯುವ ಕ್ರಮ ಮಾತ್ರ ಎಂದುಕೊಂಡವರು ಬಹಳ ಮಂದಿ. ಕೊಯ್ಯುವವರು ಯಾರು, ದೇವರ ಹೆಸರು ಹೇಳಿ ಕೊಯ್ದಿದ್ದಾರೆಯೇ, ರಕ್ತ ಪೂರ್ತಿ ಹೋಗಿದೆಯೇ ಎಂಬುದು ಒಂದು ಭಾಗ. ಸ್ಥಳೀಯ ಸ್ಟಾಲಿನಿಂದ ತರುವುದಾದರೆ ಅದನ್ನು ನೋಡಿ ಬರಬಹುದು, ಪ್ಯಾಕೆಟಿನ ಫ್ರೋಜನ್ ಮಾಲಿಗೆ ಸರ್ಟಿಫಿಕೇಟ್ ಕೇಳಬೇಕು. ಇನ್ನೊಂದು ಭಾಗ ಸಿಹಿಯ ಕಡೆಯಿಂದ ಬರುತ್ತದೆ: ಮಾರ್ಷ್‌ಮ್ಯಾಲೋ, ಫಾಲೂದಾದ ಜೆಲ್ಲಿ. ಜೆಲಾಟಿನ್ ಪ್ರಾಣಿಯ ಚರ್ಮ, ಎಲುಬಿನದ್ದು. ವೆಜ್‌ನವರಿಗೂ ಆಗದು, ಹಲಾಲ್ ನೋಡುವವರಿಗೂ ಸಂಶಯ. ಚೈನಾ ಗ್ರಾಸ್ ಕಡಲ ಪಾಚಿಯದ್ದು, ಇಬ್ಬರಿಗೂ ಆಗುತ್ತದೆ, ಹಾಗಿರುವಾಗ ಜೆಲಾಟಿನ್ ತರುವುದೇ ಯಾಕೆ? ಕೆಂಪು ಬಣ್ಣದ ಸಿರಪ್ಪಿನಲ್ಲಿ 120 ಎಂಬ ಸಂಖ್ಯೆ ಕಂಡರೆ ಅದು ಹುಳದಿಂದ ತೆಗೆದ ಬಣ್ಣ. ವೆನಿಲ್ಲಾ ಎಸೆನ್ಸಿನಲ್ಲಿ ಆಲ್ಕೊಹಾಲ್ ಇದೆಯೇ ನೋಡಿ.

ಹಲಾಲ್ ಬೇಡ ಎನ್ನುವವರೂ ಇದ್ದಾರೆ. 2022ರ ಯುಗಾದಿ ಹೊತ್ತಿಗೆ ಗಡಿಯಾಚೆ ಅದು ದೊಡ್ಡ ಗಲಾಟೆಯೇ ಆಯಿತು. ಅದಕ್ಕೂ ಮೊದಲು 2019ರಲ್ಲಿ ಮೆಕ್‌ಡೊನಾಲ್ಡ್ಸ್ ಇಂಡಿಯಾ ತನ್ನ ಎಲ್ಲ ಅಂಗಡಿಗಳಿಗೆ ಹಲಾಲ್ ಸರ್ಟಿಫಿಕೇಟ್ ಇದೆ ಎಂದು ಟ್ವಿಟರಿನಲ್ಲಿ ಉತ್ತರಿಸಿದಾಗಲೂ ಬೈಗುಳ ಬಂತು. ಕೇಳಿದವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳುವುದೇ ಸರಿ. ಎರಡು ಬಗೆಯ ಕೋಳಿಯನ್ನು ಒಂದೇ ಫ್ರೀಜರಿನಲ್ಲಿಟ್ಟು ಇಬ್ಬರನ್ನೂ ಮೆಚ್ಚಿಸಲು ಹೋದರೆ ಇಬ್ಬರೂ ಕೈಬಿಡುತ್ತಾರೆ.

ಬ್ರೋಸ್ಟ್ ಮಾಡುವವರು ಕೇಳುವ ದೂರು ಒಂದಿದೆ: ತೊಡೆಯ ತುಂಡು ಮುರಿದರೆ ಎಲುಬಿನ ಹತ್ತಿರ ಕಪ್ಪು ಕೆಂಪು. ಬೆಂದಿಲ್ಲ, ರಕ್ತ ಇದೆ ಎಂದು ತಟ್ಟೆ ವಾಪಸ್. ರಕ್ತ ಹರಾಮ್ ಆದ್ದರಿಂದ ಇದು ರುಚಿಯ ದೂರಾಗಿ ಉಳಿಯುವುದಿಲ್ಲ. ಎಳೆಯ ಕೋಳಿಯ ಎಲುಬಿನಲ್ಲಿ ಸಣ್ಣ ಸಣ್ಣ ರಂಧ್ರ. ಫ್ರೀಜ್ ಆಗಿ ಕರಗುವಾಗ ಒಳಗಿನ ಮಜ್ಜೆಯ ಬಣ್ಣ ಹೊರಗೆ ಬಂದು ಮಾಂಸಕ್ಕೆ ಹಿಡಿಯುತ್ತದೆ, ಪೂರ್ತಿ ಬೆಂದರೂ ಹೋಗುವುದಿಲ್ಲ. ತೊಡೆಯ ಒಳಗೆ ಥರ್ಮಾಮೀಟರ್ ಚುಚ್ಚಿ 74 ಡಿಗ್ರಿ ಬಂದಿದ್ದರೆ ಬೆಂದಿದೆ. ಆದರೂ ಗಿರಾಕಿಗೆ ಥರ್ಮಾಮೀಟರ್ ತೋರಿಸಿ ವಾದ ಮಾಡುವುದಕ್ಕಿಂತ ಎಲುಬಿರುವ ತುಂಡುಗಳಿಗೆ ಫ್ರೋಜನ್ ಬಿಟ್ಟು ಅದೇ ದಿನದ ತಾಜಾ ಕೋಳಿ ತರುವುದು ಮೇಲು. ಫ್ರೋಜನ್ ಮಾಲು ಎಲುಬಿಲ್ಲದ ಸ್ಟ್ರಿಪ್ಸ್, ಪ್ಯಾಟಿಗೆ ಇರಲಿ.

ಮೀನಿನ ಬರ್ಗರನ್ನು ಈ ಕರಾವಳಿಯ ಅಂಗಡಿಗಳು ಯಾಕೆ ಮರೆತಿವೆಯೋ. ಫಿಲೆ-ಒ-ಫಿಶ್ ಹುಟ್ಟಿದ್ದೇ ಉಪವಾಸದ ಕಾರಣಕ್ಕೆ: ಅಮೆರಿಕದ ಸಿನ್ಸಿನಾಟಿಯಲ್ಲಿ ಕ್ಯಾಥಲಿಕರು ಶುಕ್ರವಾರ ಮಾಂಸ ತಿನ್ನದೆ ವ್ಯಾಪಾರ ಬೀಳುತ್ತಿತ್ತು, ಲೂ ಗ್ರೋಯೆನ್ ಎಂಬ ಅಂಗಡಿಯವರು 1962ರಲ್ಲಿ ಮೀನಿನದ್ದು ತಂದರು. ಕಂಪೆನಿಯ ಯಜಮಾನ ರೇ ಕ್ರಾಕ್ ಅದಕ್ಕೆ ಎದುರಾಗಿ ಅನಾನಸ್ ಹೋಳಿನ ಬರ್ಗರ್ ಇಟ್ಟು ಸೋತ. ನಮ್ಮಲ್ಲಿ ಕ್ಯಾಥಲಿಕರ ತಪಸ್ಸುಕಾಲದ (ಈಸ್ಟರಿಗೆ ಮೊದಲಿನ ಉಪವಾಸದ ದಿನಗಳ) ಶುಕ್ರವಾರಗಳಿಗೆ ಇದು ಆಗುತ್ತದೆ, ಮೀನು ಮಾತ್ರ ತಿನ್ನುವ ಕೊಂಕಣಿ ಮನೆಗಳಿಗೆ ವರ್ಷವಿಡೀ ಆಗುತ್ತದೆ, ಮೀನಿಗೆ ಹಲಾಲ್ ಕೊಯ್ಲಿನ ಪ್ರಶ್ನೆಯೂ ಇಲ್ಲ. ಬಂಗುಡೆ ಮುಳ್ಳಿನ ದೆಸೆಯಿಂದ ಬೇಡ, ಅಂಜಲ್ ದುಬಾರಿ. ಬಾಸಾ ಎಂಬ ಸಾಕು ಮೀನಿನ ಫಿಲೆ (ಮುಳ್ಳು ತೆಗೆದ ಹೋಳು) ತಂದರೆ ಸಾಕು, ನೀರನ್ನು ಮಾತ್ರ ಚೆನ್ನಾಗಿ ಒತ್ತಿ ತೆಗೆಯಬೇಕು. ಜೂನ್-ಜುಲೈಯ 52 ದಿನದ ಟ್ರಾಲಿಂಗ್ ನಿಷೇಧವೂ ಅದಕ್ಕೆ ತಟ್ಟುವುದಿಲ್ಲ. ಕರಿಯುವುದು ಕೋಳಿಯ ಫ್ರೈಯರಿನಲ್ಲಿ ಆದರೆ ಮೀನು ಮಾತ್ರ ತಿನ್ನುವವರಿಗೆ ಮೋಸ, ಕೋಳಿಗೂ ವಾಸನೆ. ಸಣ್ಣ ಬಾಣಲೆಯಾದರೂ ಬೇರೆ ಇಡಿ. ಸಿಗಡಿ, ಏಡಿ, ಬೊಂಡಾಸ (ಸ್ಕ್ವಿಡ್) ಇಡುವ ಮೊದಲು ಒಂದು ಮಾತು. ಇಲ್ಲಿನ ಮುಸ್ಲಿಮರಲ್ಲಿ ಹೆಚ್ಚಿನವರು ಶಾಫಿ ಪಂಥದವರು, ಕಡಲಿನದ್ದೆಂದರೆ ಅಷ್ಟಾಗಿ ಅಡ್ಡಿ ಇಲ್ಲ. ಉಪ್ಪಳದಲ್ಲಿ ಉರ್ದು ಮಾತಾಡುವ ಹನಫಿ ಪಂಥದ ಮನೆಗಳಿವೆ. ಅವರ ಪದ್ಧತಿಯಲ್ಲಿ ಏಡಿ, ಬೊಂಡಾಸ ಇಲ್ಲ, ಸಿಗಡಿಯ ಬಗ್ಗೆ ಒಮ್ಮತ ಇಲ್ಲ. ಮಿಕ್ಸೆಡ್ ಸೀಫುಡ್ ಬರ್ಗರ್ ಎಂದು ಎಲ್ಲ ಕಲಸಿದರೆ ಅವರಿಗೆ ಪೂರ್ತಿ ಬಾಗಿಲು ಮುಚ್ಚಿದಂತೆ.

ರಂಜಾನಿನಲ್ಲಿ ಇಫ್ತಾರ್ ಕಾಂಬೊ ಬೋರ್ಡು ಹಾಕುವುದು ಸುಲಭ, ಉಪವಾಸ ಇರುವ ಅಡುಗೆಯವನು ಉಪ್ಪು ನೋಡುವುದು ಹೇಗೆ ಎಂಬುದೇ ತೊಡಕು. ಸಸ್ಯಾಹಾರಿ ಹುಡುಗ ಚಿಕನ್ ಮಸಾಲೆ ಕಲಸುವಾಗಲೂ ಇದೇ. ದೊಡ್ಡ ಕಂಪೆನಿಗಳಲ್ಲಿ ಯಾರೂ ರುಚಿ ನೋಡಿ ಉಪ್ಪು ಹಾಕುವುದಿಲ್ಲ, ಎಲ್ಲ ತೂಕದಲ್ಲಿ. ಗ್ರಾಂ ತಕ್ಕಡಿ ಒಂದು ತನ್ನಿ. 1 ಕೆಜಿ ಕೋಳಿಗೆ 15 ಗ್ರಾಂ ಉಪ್ಪು, ಮೇಲಿನ ಹಿಟ್ಟಿಗೆ ಕೆಜಿಗೆ 20 ಗ್ರಾಂ, ಇದನ್ನು ಬರೆದು ಗೋಡೆಗೆ ಅಂಟಿಸಿ. ಮ್ಯಾರಿನೇಟ್ 5 ಡಿಗ್ರಿಗಿಂತ ಕೆಳಗೆ 8 ಗಂಟೆ. ಚಮಚದ ಲೆಕ್ಕ ಬೇಡ, ಕಲ್ಲುಪ್ಪಿನ ಚಮಚಕ್ಕೂ ಪುಡಿ ಉಪ್ಪಿನ ಚಮಚಕ್ಕೂ ತೂಕ ಬೇರೆ. ಬಿಸಿ ಫ್ರೈಯರಿನ ಮುಂದೆ ಉಪವಾಸದ ಹುಡುಗನನ್ನು ಅಸರಿನಿಂದ (ಸಂಜೆಯ ಮುಂಚಿನ ನಮಾಜು) ಮಗ್ರಿಬ್‌ವರೆಗೆ (ಸೂರ್ಯ ಮುಳುಗಿದ ನಮಾಜು) ಒಂದೇ ಸಮನೆ ನಿಲ್ಲಿಸಬೇಡಿ, ಇಬ್ಬರನ್ನು ಬದಲಾಯಿಸುತ್ತಿರಿ.

ಇಷ್ಟೆಲ್ಲ ಮಾಡಿದರೂ ಮಾಂಸ ಬೇಯುವ ಮನೆಯಲ್ಲಿ ನೀರೂ ಕುಡಿಯದವರು ಇರುತ್ತಾರೆ. ಅವರಿಗೆ ಹಸಿರು ಇಕ್ಕಳ ತೋರಿಸಿ ಪ್ರಯೋಜನ ಇಲ್ಲ. ಇಸ್ರೇಲಿನಲ್ಲಿ ಮೆಕ್‌ಡೊನಾಲ್ಡ್ಸ್ ಒಂದೇ ಅಡುಗೆಮನೆಯಲ್ಲಿ ಹೊಂದಿಸಲು ಹೋಗದೆ ಕೋಶರ್ (ಯಹೂದಿಗಳ ಆಹಾರ ನಿಯಮದ) ಶಾಖೆಗಳನ್ನೇ ಬೇರೆ ಮಾಡಿತು. ಅಲ್ಲಿ ಮಾಂಸದ ಜೊತೆ ಚೀಸ್ ಇಲ್ಲ, ಸಬ್ಬತ್ತಿನ (ಅವರ ವಾರದ ವಿಶ್ರಾಂತಿಯ) ದಿನ ಬಾಗಿಲು ತೆರೆಯುವುದಿಲ್ಲ. ಸಬ್‌ವೇ 2012ರಲ್ಲಿ ಜಲಂಧರಿನ ಒಂದು ವಿಶ್ವವಿದ್ಯಾಲಯದೊಳಗೆ ಪೂರ್ತಿ ವೆಜ್ ಅಂಗಡಿ ತೆರೆಯಿತು. ದೇವಸ್ಥಾನಕ್ಕೆ ಹೋಗುವ ಮಧೂರು ರಸ್ತೆಯಲ್ಲಿ ಜಾಗ ಸಿಕ್ಕಿದವರು ಚಿಕನ್ ಮಾರುತ್ತಾ ವೆಜ್ ಬೇರೆ ಇಟ್ಟಿದ್ದೇನೆ ಎನ್ನುವ ಬದಲು ಪೂರ್ತಿ ವೆಜ್ ಮಾಡುವುದೇ ಬುದ್ಧಿವಂತಿಕೆ.

ಕೌಂಟರಿನ ಹುಡುಗರಿಗೆ ಒಂದು ಹಾಳೆ ಕೊಡಿ: ಯಾವ ಐಟಂನಲ್ಲಿ ಮೊಟ್ಟೆ, ಹಾಲು, ನೀರುಳ್ಳಿ, ಬೆಳ್ಳುಳ್ಳಿ ಇದೆ, ಯಾವ ಫ್ರೈಯರಿನದ್ದು, ಕೋಳಿ ಎಲ್ಲಿಯದ್ದು. ಮಲಯಾಳದಲ್ಲೂ ಕನ್ನಡದಲ್ಲೂ ಇರಲಿ, ಹೊರರಾಜ್ಯದ ಹುಡುಗರಿದ್ದರೆ ಹಿಂದಿಯಲ್ಲೂ. "ಇಲ್ಲ ಅಂತ ಕಾಣ್ತದೆ" ಎಂಬ ಉತ್ತರವನ್ನು ಆ ಕೌಂಟರಿನಲ್ಲಿ ನಿಷೇಧಿಸಿ. ಗೊತ್ತಿಲ್ಲದಿದ್ದರೆ ಒಳಗೆ ಹೋಗಿ ಪ್ಯಾಕೆಟ್ ತಂದು ತೋರಿಸಲಿ. ಪಾರ್ಸೆಲಿಗೆ ಕೇರಳದಲ್ಲಿ 2023ರಿಂದ ತಯಾರಿಸಿದ ದಿನ, ಹೊತ್ತು, ಎಷ್ಟು ಹೊತ್ತಿನೊಳಗೆ ತಿನ್ನಬೇಕು ಎಂಬ ಚೀಟಿ ಹೇಗೂ ಅಂಟಿಸಲೇಬೇಕು. ಅದನ್ನು ವೆಜ್‌ಗೆ ಹಸಿರು, ಉಳಿದದ್ದಕ್ಕೆ ಕಂದು ಕಾಗದದಲ್ಲಿ ಮಾಡಿಸಿದರೆ ಮನೆಯಲ್ಲಿ ಎರಡು ಪೊಟ್ಟಣ ಬಿಚ್ಚುವಾಗ ಅದಲು ಬದಲಾಗುವುದಿಲ್ಲ. ಚೀಲವೂ ಎರಡು ಇರಲಿ. ಒಂದೇ ಚೀಲದಲ್ಲಿ ಹಾಕಿದರೆ ಬ್ರೋಸ್ಟಿನ ಎಣ್ಣೆ ತಳದಲ್ಲಿ ಸೋರಿ ಜೀಗುಜ್ಜೆ ಬರ್ಗರಿನ ಕಾಗದಕ್ಕೆ ಹಿಡಿಯುತ್ತದೆ.